ರಾಜನ ಮೇಲಿನ ಕುಂಚ ಮನೆಯಾಕೆಯ ಮೇಲೆ

ಕಾರ್ಟೂನಿಸ್ಟರ ಧೈರ್ಯದ ಮಾತು ಬಂದಾಗಲೆಲ್ಲ ಫ್ರಾನ್ಸಿನ ಒನೋರೆ ದೋಮಿಯೆಯ ಹೆಸರು ಬರುತ್ತದೆ. ಬರಬೇಕಾದ್ದೇ. ರಾಜ ಲೂಯಿ ಫಿಲಿಪ್‌ನನ್ನು ಬಡವರ ದುಡ್ಡು ನುಂಗುವ ಹೊಟ್ಟೆಬಾಕನಂತೆ ಚಿತ್ರಿಸಿ 1832ರಲ್ಲಿ ಆರು ತಿಂಗಳ ಜೈಲುಶಿಕ್ಷೆಗೆ ಗುರಿಯಾದವನು ಆತ. ನನ್ನ ತಕರಾರು ಇರುವುದು ಆಮೇಲೆ ಅವನು ಬರೆದ ಮನೆ, ಶಾಲೆಯ ಚಿತ್ರಗಳ ಬಗ್ಗೆ.

1835ರ ಸೆಪ್ಟೆಂಬರ್‌ನಲ್ಲಿ ಹೊಸ ಕಾನೂನು ಬಂತು. ಯಾವುದೇ ಚಿತ್ರ ಅಚ್ಚಾಗುವ ಮುಂಚೆ ಸರ್ಕಾರದ ಒಪ್ಪಿಗೆ ಬೇಕು. ರಾಜಕೀಯ ವ್ಯಂಗ್ಯಚಿತ್ರದ ಬಾಗಿಲು ಮುಚ್ಚಿತು. ಆದರೆ ‘ಲೆ ಶಾರಿವಾರಿ’ ದಿನಪತ್ರಿಕೆಗೆ ಚಿತ್ರ ಬೇಕೇ ಬೇಕಲ್ಲ. (ಪುಟ ತುಂಬಿಸುವ ಸಂಕಟವನ್ನು ನಮ್ಮಂಥ ಸ್ಟ್ರಿಂಗರ್‌ಗಳಿಗೆ ಯಾರೂ ವಿವರಿಸಬೇಕಿಲ್ಲ.) ಹಾಗಾಗಿ ಗಂಡ-ಹೆಂಡತಿ, ಅಪ್ಪ-ಮಕ್ಕಳು, ಮೇಷ್ಟ್ರು-ಹುಡುಗರು ಸಾಲುಸಾಲಾಗಿ ಬಂದರು.

ಮೇಷ್ಟ್ರು ಮತ್ತು ಪೋರರ ಸರಣಿ 1845-46ರದು. ಅದನ್ನು ನೋಡಿ ನಾನೂ ನಕ್ಕಿದ್ದೇನೆ. ತರಗತಿಯಲ್ಲಿ ಅಧಿಕಾರ ಇರುವುದು ಮೇಷ್ಟ್ರ ಕೈಯಲ್ಲಿ, ಹಾಗಾಗಿ ಅಲ್ಲಿನ ನಗು ದೊಡ್ಡವರಿಗೇ ತಾಗುತ್ತದೆ.

ಆದರೆ 1844ರಲ್ಲಿ ಬಂದ ‘ನೀಲಿ ಕಾಲುಚೀಲದವರು’ ಬೇರೆಯೇ ಕಥೆ. ಓದು-ಬರಹಕ್ಕೆ ಕೈಹಾಕಿದ ಹೆಂಗಸರನ್ನು ಗೇಲಿ ಮಾಡಲು ಅಲ್ಲಿ ಬಳಸುತ್ತಿದ್ದ ಹೆಸರದು. ಒಟ್ಟು 40 ಚಿತ್ರ. ಒಂದರಲ್ಲಿ ತಾಯಿ ಬರೆಯುವುದರಲ್ಲಿ ಮುಳುಗಿದ್ದಾಳೆ, ಮಗು ಸ್ನಾನದ ತೊಟ್ಟಿಯಲ್ಲಿ ತಲೆಕೆಳಗಾಗಿ ಮುಳುಗಿದೆ. ಇದಕ್ಕೂ ಮುಂಚಿನ ದಾಂಪತ್ಯದ ಸರಣಿಯಲ್ಲಿ ಒಬ್ಬ ಗಂಡ ಹರಿದ ಪ್ಯಾಂಟು ಹಿಡಿದು ಕೂಗಾಡುತ್ತಾನೆ. ಹೆಂಡತಿ ಹೊಲಿಗೆ ಹಾಕದೆ ಓದುತ್ತ ಕೂರುವುದಕ್ಕೆ ಕಾದಂಬರಿಗಾರ್ತಿ ಜಾರ್ಜ್ ಸಾಂಡ್ ಕಾರಣವಂತೆ!

ಆಗಿನ ಸ್ಥಿತಿ ಏನಿತ್ತು? 1833ರ ಕಾನೂನು ಪ್ರತಿ ಊರಾಡಳಿತಕ್ಕೂ ಗಂಡುಮಕ್ಕಳ ಪ್ರಾಥಮಿಕ ಶಾಲೆ ಕಡ್ಡಾಯ ಮಾಡಿತ್ತು. ಹೆಣ್ಣುಮಕ್ಕಳ ಶಾಲೆಗೆ ಅಂಥ ಕಡ್ಡಾಯ ಬಂದದ್ದು 1850ರಲ್ಲಿ, ಅದೂ 800ಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ. ಅಂದರೆ ಓದಿದ ಹೆಂಗಸಿನ ಬಗ್ಗೆ 40 ನಗೆಚಿತ್ರ ಬಂದಾಗ ಹುಡುಗಿಯರಿಗೆ ಶಾಲೆ ಕೊಡಲೇಬೇಕೆಂಬ ಕಾನೂನೇ ಇರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ದೋಮಿಯೆಯ ಅಪ್ಪ ಮಾರ್ಸೇಯ ಗಾಜಿನ ಕೆಲಸಗಾರ. ಕವಿಯಾಗಬೇಕೆಂಬ ಹಂಬಲದಿಂದ ಪ್ಯಾರಿಸ್‌ಗೆ ಹೋದವನು. ಕವಿತೆ ಹೊಟ್ಟೆ ತುಂಬಿಸಲಿಲ್ಲ, ಮಗ ಎಳೆಯ ವಯಸ್ಸಿನಲ್ಲೇ ದುಡಿಮೆಗೆ ಇಳಿಯಬೇಕಾಯಿತು. ಬರವಣಿಗೆಯ ಹುಚ್ಚಿಗೆ ಮನೆ ಬಲಿಯಾಗುವುದನ್ನು ಅವನು ಕಂಡದ್ದು ಅಪ್ಪನಲ್ಲಿ. ತೊಟ್ಟಿಯ ಪಕ್ಕದಲ್ಲಿ ಕೂರಿಸಿದ್ದು ಮಾತ್ರ ತಾಯಿಯನ್ನು.

ಅಡಿಬರಹಗಳನ್ನು ಹೆಚ್ಚಾಗಿ ಪತ್ರಿಕೆಯ ಬೇರೆಯವರು ಬರೆಯುತ್ತಿದ್ದರು, ಅವನದೇನು ತಪ್ಪು ಅನ್ನುವವರಿದ್ದಾರೆ. ಸರಿ, ಆದರೆ ಆ ಹೆಂಗಸರ ಸಿಡುಕು ಮುಖ, ಒಣಕಲು ಮೈ ಬರೆದ ಕೈ ಯಾರದು? ಸೆನ್ಸಾರ್ ಇತ್ತು, ಬೇರೆ ದಾರಿ ಇರಲಿಲ್ಲ ಅನ್ನುವ ಸಮಜಾಯಿಷಿಯೂ ನಿಲ್ಲುವುದಿಲ್ಲ. 1848ರ ಕ್ರಾಂತಿಯಲ್ಲಿ ರಾಜ ಓಡಿಹೋದ, ಆ ಕಟ್ಟು ಸಡಿಲವಾಯಿತು. ಅದೇ ವರ್ಷ ದೋಮಿಯೆ ವಿಚ್ಛೇದನ ಕೇಳುವ ಹೆಂಗಸರ ಮೇಲೆ ಸರಣಿ ಬರೆದ, ಮರುವರ್ಷ ಸಮಾಜವಾದಿ ಹೆಂಗಸರ ಮೇಲೆ. 1816ರಲ್ಲಿ ರದ್ದಾಗಿದ್ದ ವಿಚ್ಛೇದನದ ಹಕ್ಕು ಫ್ರಾನ್ಸಿಗೆ ಮರಳಿದ್ದು 1884ರಲ್ಲಿ. ಆ ಹೊತ್ತಿಗೆ ದೋಮಿಯೆ ತೀರಿಕೊಂಡು ಐದು ವರ್ಷವಾಗಿತ್ತು.