ವ್ಯಸನದ ಬೇರು ಮತ್ತು ಸೆರೊಟೋನಿನ್

ಕುಡಿತ ಬಿಡುವೆನೆಂದು ದೇವರ ಮುಂದೆ ಆಣೆಯಿಟ್ಟವನು ಎಂಟು ದಿನ ಕಳೆಯುವುದರೊಳಗೆ ಮತ್ತೆ ಅಂಗಡಿಯ ದಾರಿ ಹಿಡಿದರೆ, ಮನೆಯವರು ಅವನನ್ನು ಮಾತಿಗೆ ತಪ್ಪಿದವನೆಂದು ಹಳಿಯುವರು. ಸಂಕಲ್ಪದ ಬಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವ್ಯಸನವು ಬರಿಯ ನಡತೆಯ ದೋಷವಲ್ಲ, ಮೆದುಳಿನ ರೋಗವೂ ಹೌದೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಆ ವಿಚಾರದ ಒಂದು ಎಳೆಯನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತೇವೆ.

ನರಕೋಶಗಳು ಪರಸ್ಪರ ಸಂದೇಶ ಕಳಿಸುವುದು ಬಹುಮಟ್ಟಿಗೆ ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಸೆರೊಟೋನಿನ್ ಒಂದು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ವಿಜ್ಞಾನಿಗಳು 1948ರಲ್ಲಿ ಇದನ್ನು ರಕ್ತದಿಂದ ಬೇರ್ಪಡಿಸಿದರು. ಇದು ಮೆದುಳಿನಲ್ಲಿಯೂ ಇರುವುದೆಂದು ಬೆಟ್ಟಿ ಟ್ವಾರೋಗ್ ಎಂಬ ವಿದುಷಿಯು ಪೇಜ್ ಅವರೊಡನೆ 1953ರಲ್ಲಿ ಪ್ರಕಟಿಸಿದರು. ದೇಹದ ಸೆರೊಟೋನಿನ್ನಿನಲ್ಲಿ ಸುಮಾರು ಶೇಕಡಾ 90 ಭಾಗ ಕರುಳಿನಲ್ಲಿದೆ. ಮೆದುಳಿನಲ್ಲಿರುವುದು ಅಲ್ಪವಾದರೂ ನಿದ್ರೆ, ಹಸಿವು, ಮನೋಭಾವ, ಸಂಯಮ ಇವುಗಳಲ್ಲೆಲ್ಲ ಅದರ ಕೈವಾಡವಿದೆ. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಏಳು ಕುಲಗಳಲ್ಲಿ ಹಂಚಿಹೋಗಿದ್ದು, ಒಟ್ಟು 14 ಬಗೆಯವು. ಬೀಗದ ಕೈ ಒಂದೇ, ತೆರೆಯುವ ಕೋಣೆಗಳು ಬೇರೆ ಬೇರೆ.

ಮದ್ಯ, ತಂಬಾಕು, ಕೊಕೇನ್ ಮುಂತಾದವು ಮೆದುಳಿನ ಸುಖಮಾರ್ಗದಲ್ಲಿ ಡೋಪಮಿನ್ ಎಂಬ ಮತ್ತೊಂದು ರಾಸಾಯನಿಕವನ್ನು ಉಕ್ಕಿಸುತ್ತವೆ. ಹೀಗೆ ಪದೇ ಪದೇ ಉಕ್ಕಿದಾಗ ಆ ಪದಾರ್ಥವಷ್ಟೇ ಅಲ್ಲ, ಅದು ದೊರೆಯುವ ಅಂಗಡಿ, ಜೊತೆಗಾರರು, ಸಂಜೆಯ ಹೊತ್ತು ಎಲ್ಲವೂ ನೆನಪಿನಲ್ಲಿ ಅಚ್ಚೊತ್ತುತ್ತವೆ. ಕಂಡೊಡನೆ ಬಯಕೆ ಕೆರಳುತ್ತದೆ. ಸೆರೊಟೋನಿನ್ನಿನ ‘2ಸಿ’ ಎಂಬ ಗ್ರಾಹಕವು ಈ ಉಕ್ಕನ್ನು ತಗ್ಗಿಸುತ್ತದೆ. ‘3’ ಎಂಬುದು ಹೆಚ್ಚಿಸುತ್ತದೆ. ಮೊದಲನೆಯದನ್ನು ಪ್ರಚೋದಿಸಿ ಎರಡನೆಯದನ್ನು ತಡೆದರೆ ಬಯಕೆ ಇಳಿದೀತೇ ಎಂಬುದೇ ಸಂಶೋಧಕರ ಪ್ರಶ್ನೆ.

ವಾಂತಿ ನಿಲ್ಲಿಸಲು ವೈದ್ಯರು ಕೊಡುವ ಒಂಡಾನ್ಸೆಟ್ರಾನ್ ‘3’ನ್ನು ತಡೆಯುವ ಔಷಧ. ಅಮೆರಿಕದಲ್ಲಿ 271 ಮಂದಿಯ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ ಕುಡಿತದ ಕಾಯಿಲೆಗೆ ಸಿಕ್ಕಿದ್ದವರ ಕುಡಿತವನ್ನು ಇದು ತಗ್ಗಿಸಿತು. ತಡವಾಗಿ ಸಿಕ್ಕಿದವರಿಗೆ ಅಂಥ ಗುಣ ಕಾಣಲಿಲ್ಲ. ‘2ಸಿ’ಯನ್ನು ಪ್ರಚೋದಿಸುವ ಲಾರ್ಕಸೆರಿನ್ ಪ್ರಾಣಿಗಳಲ್ಲಿ ನಿಕೋಟಿನ್ ಹಾಗೂ ಕೊಕೇನ್ ಸೇವನೆಯನ್ನು ಕಡಿಮೆ ಮಾಡಿತ್ತು. ಬೊಜ್ಜಿನ ಚಿಕಿತ್ಸೆಗೆಂದು 2012ರಲ್ಲಿ ಅಮೆರಿಕದಲ್ಲಿ ಮಾನ್ಯವಾಗಿದ್ದ ಆ ಮಾತ್ರೆಯನ್ನು ಕ್ಯಾನ್ಸರಿನ ಶಂಕೆಯಿಂದ 2020ರಲ್ಲಿ ಹಿಂತೆಗೆದುಕೊಳ್ಳಲಾಯಿತು. ‘2ಎ’ ಗ್ರಾಹಕದ ಮೇಲೆ ವರ್ತಿಸುವ ಸಿಲೊಸೈಬಿನ್ ಎಂಬ ಅಣಬೆಯ ಸತ್ವವನ್ನು ಮನೋಚಿಕಿತ್ಸೆಯೊಡನೆ 93 ಮಂದಿಯಲ್ಲಿ ಪರೀಕ್ಷಿಸಿದ ಫಲಿತಾಂಶ 2022ರಲ್ಲಿ ಹೊರಬಂದಿತು. ಅದನ್ನು ಪಡೆದವರಲ್ಲಿ ಅತಿಯಾಗಿ ಕುಡಿದ ದಿನಗಳು ಶೇಕಡಾ 9.7, ಹೋಲಿಕೆಯ ಮಾತ್ರೆ ಪಡೆದವರಲ್ಲಿ ಶೇಕಡಾ 23.6. ಈ ಪದಾರ್ಥವು ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯ ನಿರ್ಬಂಧಕ್ಕೆ ಒಳಪಟ್ಟಿದೆ. ಭ್ರಮೆ ಹುಟ್ಟಿಸುವ ಇದನ್ನು ಯಾರೂ ಸ್ವತಃ ಪ್ರಯೋಗಿಸಕೂಡದು.

ಆಸೆ ಹುಟ್ಟಿಸುವ ದಾರಿಯಿದು, ತಲುಪಿದ ಊರಲ್ಲ. ಸದ್ಯ ವೈದ್ಯರ ಕೈಯಲ್ಲಿ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಎಂಬ ಔಷಧಗಳಿವೆ. ಇವನ್ನು ಕುರಿತು ಗೃಹಿಣಿಯರಿಗೆ ಎರಡು ಮಾತು ಹೇಳಲೇಬೇಕಾಗಿದೆ. ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವವರುಂಟು. ಅದರ ಮೇಲೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು. ಹಾಗೆಯೇ ಬಹುಕಾಲ ವಿಪರೀತವಾಗಿ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೋದರೆ ಫಿಟ್ಸ್, ಸನ್ನಿ ಕಾಣಿಸಿಕೊಳ್ಳುವ ಅಪಾಯವಿದೆ. ಬಿಡಿಸುವ ಕೆಲಸ ವೈದ್ಯರ ಕಣ್ಗಾವಲಿನಲ್ಲಿಯೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14446.

ಸಕ್ಕರೆ ಕಾಯಿಲೆಯವನನ್ನು ನಾಲ್ಕು ಜನರ ನಡುವೆ ನಿಲ್ಲಿಸಿ ಯಾರೂ ಬೈಯುವುದಿಲ್ಲ. ಪಥ್ಯಕ್ಕೆ ಒತ್ತಾಯಿಸುತ್ತಾರೆ, ಔಷಧ ಕೊಡಿಸುತ್ತಾರೆ, ತಪ್ಪಿದರೆ ಮತ್ತೆ ತಿದ್ದುತ್ತಾರೆ. ವ್ಯಸನಿಗೂ ಅಂಥದೇ ಆರೈಕೆ ಬೇಕು. ರೋಗವೆಂದು ತಿಳಿದ ಮಾತ್ರಕ್ಕೆ ಅವನ ಹೊಣೆ ಕಳಚಿತೆಂದಲ್ಲ. ಚಿಕಿತ್ಸೆಗೆ ಹೋಗುವುದೇ ಅವನ ಮೊದಲ ಹೊಣೆ. ಜೊತೆಯಲ್ಲಿ ಆಸ್ಪತ್ರೆಯವರೆಗೆ ನಡೆಯುವುದು ಮನೆಯವರ ಹೊಣೆ.