ಕೊನೇ ಸಾಲಿಗೆ ‘ಶ’ ಕೇಳಿಸಬೇಕು

ಕಳೆದ ನವೆಂಬರ್‌ನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಅತಿಥಿಯಾಗಿ ಬಂದವರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ದುಡ್ಡು ಕಮ್ಮಿ ಇದೆ ಅಂತ ಸ್ಪೀಕರ್, ಆಂಪ್ಲಿಫೈಯರ್ ಮಾತ್ರ ಕೆಂಗೇರಿ ಕಡೆಯ ಸೌಂಡ್ ಅಣ್ಣನ ಹತ್ತಿರ ಬಾಡಿಗೆಗೆ ತಂದಿದ್ದೆವು. ಮೈಕ್ ಬಸವೇಶ್ವರನಗರದ ಗೆಳೆಯನ ಮನೆಯದು. ಅವನ ತಾತ ಭಜನೆಗೆ ಬಳಸುತ್ತಿದ್ದ ಹಳೇ ಮೈಕ್. ಅದರ ವೈರ್ ಗಿಡ್ಡ, ಆಂಪ್ಲಿಫೈಯರ್ ದೂರ. 20 ಮೀಟರ್ ವೈರ್ ಸೇರಿಸಿ ಸೋಲ್ಡರ್ ಮಾಡಿದವನು ನಾನೇ. ಇ.ಸಿ. ಹುಡುಗ ಅಲ್ವಾ, ಜಂಬ!

ಮೇಷ್ಟ್ರು ಶುರು ಮಾಡಿದರು. ಸದ್ದು ಬಂತು, ಮಾತು ಬರಲಿಲ್ಲ. ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ‘ಶ’ ಯಾವುದು ‘ಸ’ ಯಾವುದು ತಿಳಿಯದು. ವಾಲ್ಯೂಮ್ ಏರಿಸಿದೆ, ಕುಯ್ಯೋ ಎಂದು ಕಿರುಚಿತು. ಅವರು ಮಾತು ನಿಲ್ಲಿಸಿ, “ಹಿಂದಿನವರಿಗೆ ಕೇಳಿಸ್ತಾ ಇದೆಯೇನ್ರಪ್ಪಾ?” ಅಂದರು. ನಾವೆಲ್ಲ ಒಟ್ಟಿಗೆ “ಕೇಳಿಸ್ತಿದೆ ಸಾರ್!” ಅಂದೆವು. ಹಸಿ ಸುಳ್ಳು.

ಸ್ವಲ್ಪ ಹೊತ್ತಿಗೆ ಸೌಂಡ್ ಅಣ್ಣ ಬಂದರು. “ಈ ಮೈಕಿಗೆ ಇಷ್ಟುದ್ದ ವೈರ್ ಹಾಕಿದ್ರೆ ಬಾಯಿ ಕಟ್ಟುತ್ತೆ ಕಣ್ರಪ್ಪಾ” ಎಂದು ತಮ್ಮ ಬ್ಯಾಗಿನಿಂದ ಬೇರೆ ಮೈಕ್, ಮೂರು ಪಿನ್ನಿನ ಕೇಬಲ್ ತೆಗೆದು ಹಾಕಿದರು. ವೈರ್ ಅಷ್ಟೇ ಉದ್ದ. ಮಾತು ಸ್ಫಟಿಕದಂತೆ ಸ್ಪಷ್ಟ. ಆದರೆ ಅಷ್ಟರಲ್ಲಿ ಮೇಷ್ಟ್ರ ಭಾಷಣ ಮುಗಿಯುತ್ತಾ ಬಂದಿತ್ತು.

ನಾನು ಬಿಡ್ತೀನಾ? “ಇಂಪಿಡೆನ್ಸ್ ಮ್ಯಾಚ್ ಆಗಿರ್ಲಿಲ್ಲ, ಅಷ್ಟೇ” ಅಂತ ಗೆಳೆಯರ ಮುಂದೆ ಬುದ್ಧಿವಂತಿಕೆ ತೋರಿಸಿದೆ. ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಮ್‌ಗೆ ಇಂಟರ್ನಲ್ಸ್‌ನಲ್ಲಿ ನನಗೆ ಪೂರ್ತಿ ಅಂಕ. ಲೋಡ್ ಮತ್ತು ಸೋರ್ಸ್ ಸಮ ಇದ್ದರೆ ಗರಿಷ್ಠ ಪವರ್ ಸಿಗುತ್ತೆ. ಥಿಯರಮ್ ಸರಿಯೇ. ನಾನು ಅದನ್ನು ತಂದು ಹಚ್ಚಿದ ಜಾಗ ತಪ್ಪು.

ಮೈಕಿನಿಂದ ನಮಗೆ ಬೇಕಾದ್ದು ಪವರ್ ಅಲ್ಲ, ವೋಲ್ಟೇಜ್. 200 ಓಮ್ ಮೈಕಿಗೆ 200 ಓಮ್ ಇನ್‌ಪುಟ್ ಕೊಟ್ಟರೆ ಅರ್ಧ ವೋಲ್ಟೇಜ್ ಮೈಕಿನೊಳಗೇ ಉಳಿದುಹೋಗುತ್ತೆ. 6 ಡೆಸಿಬೆಲ್ ನಷ್ಟ. ಅದೇ 2,000 ಓಮ್ ಇನ್‌ಪುಟ್ ಕೊಡಿ, 11ರಲ್ಲಿ 10 ಪಾಲು ದಕ್ಕುತ್ತೆ. ನಷ್ಟ 1 ಡೆಸಿಬೆಲ್‌ಗಿಂತ ಕಮ್ಮಿ. ಅದಕ್ಕೇ ಇವತ್ತಿನ ಮಿಕ್ಸರ್‌ಗಳು ಮೈಕಿಗೆ ಬೇಕಂತಲೇ ಮ್ಯಾಚ್ ಆಗುವುದಿಲ್ಲ. ಸೋರ್ಸ್‌ಗಿಂತ ಕನಿಷ್ಠ 5ರಿಂದ 10 ಪಟ್ಟು ಲೋಡ್ ಇರಲಿ ಅನ್ನುವುದು ರೂಢಿ. 600 ಓಮ್ ಮ್ಯಾಚಿಂಗ್ ಅನ್ನುವ ಪದ್ಧತಿ ಮೈಲಿಗಟ್ಟಲೆ ಉದ್ದದ ಟೆಲಿಫೋನ್ ಲೈನ್‌ಗಳ ಕಾಲದ್ದು. ವೇದಿಕೆಯ ಮೇಲೆ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ತಾತನ ಮೈಕಿಗೆ ಏನಾಯ್ತು? ಅದು ಹೈ ಇಂಪಿಡೆನ್ಸ್ ಮೈಕ್. ಲೆಕ್ಕಕ್ಕೆ 50 ಕಿಲೋಓಮ್ ಅಂದುಕೊಳ್ಳಿ. ಶೀಲ್ಡ್ ವೈರಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. 20 ಮೀಟರಿಗೆ 2,000. ಮೊದಲ ವರ್ಷದ ಆರ್‌ಸಿ ಫಿಲ್ಟರ್ ಸೂತ್ರ ಹಾಕಿ: ಕಟ್‌ಆಫ್ ಸುಮಾರು 1.6 ಕಿಲೋಹರ್ಟ್ಸ್. 6.4 ಕಿಲೋಹರ್ಟ್ಸ್‌ಗೆ ಹೋಗುವಷ್ಟರಲ್ಲಿ ಉಳಿಯುವುದು ಕಾಲು ಭಾಗ ವೋಲ್ಟೇಜ್. ‘ಸ’, ‘ಶ’ಗಳ ಸದ್ದಿನ ಬಹುಪಾಲು ಇರುವುದೇ ಅಲ್ಲಿ ಮೇಲೆ. ಸ್ವರಗಳು ಉಳಿದವು, ವ್ಯಂಜನಗಳು ಸತ್ತವು. ಅದೇ ವೈರಿಗೆ 200 ಓಮ್ ಮೈಕ್ ಹಾಕಿದರೆ ಕಟ್‌ಆಫ್ ಸುಮಾರು 400 ಕಿಲೋಹರ್ಟ್ಸ್, ಅಂದರೆ ನಮ್ಮ ಕಿವಿಗೆ ಸಂಬಂಧವೇ ಇಲ್ಲದ ಜಾಗ. ನಾನು ಸೋಲ್ಡರ್ ಮಾಡಿದ್ದು ವೈರ್ ಅಲ್ಲ, ಒಂದು ಲೋ ಪಾಸ್ ಫಿಲ್ಟರ್!

ಸ್ಪೀಕರ್ ಕಡೆಯ ಲೆಕ್ಕ ಬೇರೆ. ನವೆಂಬರ್ ಪೂರ್ತಿ ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್‌ಗಳನ್ನು ನೋಡಿರ್ತೀರಿ. ಒಂದೇ ಜೋಡಿ ವೈರಿನಲ್ಲಿ ಸಾಲಾಗಿ ಅಷ್ಟು ಹಾರ್ನ್ ಕೆಲಸ ಮಾಡುವುದು 100 ವೋಲ್ಟ್ ಲೈನಿನಿಂದ. 8 ಓಮ್‌ಗೆ ನೇರವಾಗಿ 60 ವ್ಯಾಟ್ ಕಳಿಸಲು ಸುಮಾರು 2.7 ಆಂಪಿಯರ್ ಬೇಕು. 100 ವೋಲ್ಟ್‌ನಲ್ಲಿ 0.6 ಸಾಕು, ವೈರ್ ನಷ್ಟವೂ ಕಮ್ಮಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದರ ಹಿಂದೆಯೂ ಇದೇ ತತ್ವ. ಇಲ್ಲಿ ನೋಡಬೇಕಾದ್ದು ಹಾರ್ನ್‌ಗಳ ಟ್ಯಾಪ್ ವ್ಯಾಟ್‌ಗಳ ಮೊತ್ತ: 60 ವ್ಯಾಟ್ ಆಂಪ್ಲಿಫೈಯರಿಗೆ 15ರ ನಾಲ್ಕು ಹಾರ್ನ್. ಐದನೆಯದು ಹಾಕಿದರೆ ಆಂಪ್ಲಿಫೈಯರಿಗೆ ಹೊರೆ.

ಇಷ್ಟೂ ನಮ್ಮ ಸಿಲಬಸ್ಸಿನ ಒಳಗೇ ಇದೆ. ಆದರೂ ಗೊತ್ತಿದ್ದದ್ದು ಸೌಂಡ್ ಅಣ್ಣನಿಗೆ, ನನಗಲ್ಲ. “ಬಾಡಿಗೆಗೆ ಕೊಟ್ಟರಾಯ್ತು, ನಮಗ್ಯಾಕೆ ಈ ಉಸಾಬರಿ?” ಅನ್ನೋರಿದ್ದಾರೆ. ಬಾಡಿಗೆಗೆ ಕೊಡಿ, ಬೇಡ ಅನ್ನಲ್ಲ. ಆದರೆ ಏನು ಕೇಳಿ ತರಬೇಕು ಅಂತಾದರೂ ಗೊತ್ತಿರಬೇಕಲ್ವಾ? 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಅವರು ತಮ್ಮ ಮನೆಯಿಂದಲೇ ಬಾನುಲಿ ನಡೆಸಿದರು. ನಾವು ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿ ಒಂದು ಮೈಕ್ ನೆಟ್ಟಗೆ ಹಾಕಲಾರೆವು ಅಂದರೆ ಹೇಗೆ?

ನನ್ನ ಬೇಡಿಕೆ ಎರಡೇ. ಒಂದು, ಲ್ಯಾಬಿನಲ್ಲಿ ಈ ಥಿಯರಮ್ ಪ್ರಯೋಗದ ಪಕ್ಕ ನಿಜವಾದ ಮೈಕ್, 20 ಮೀಟರ್ ವೈರ್ ಇಟ್ಟು ಒಂದು ಪ್ರಯೋಗ ಸೇರಲಿ. ಥಿಯರಮ್ ಎಲ್ಲಿ ಹಚ್ಚಬಾರದು ಅನ್ನೋದೂ ವೈವಾ ಪ್ರಶ್ನೆ ಆಗಲಿ. ಎರಡು, ನಮ್ಮ ಸಂಘದಲ್ಲಿ ಪ್ರತಿ ವರ್ಷ ಇಬ್ಬರು ಜೂನಿಯರ್‌ಗಳು ಸೌಂಡ್ ಕೆಲಸ ಕಲಿಯಲಿ; ಸೌಂಡ್ ಅಣ್ಣನನ್ನೇ ಒಂದು ಸಂಜೆ ಗೌರವಧನ ಕೊಟ್ಟು ಕರೆಸೋಣ. ಕಾರ್ಯಕ್ರಮದ ಹಿಂದಿನ ದಿನ “ಹಲೋ, ಚೆಕ್” ಸಾಕಾಗಲ್ಲ. ಒಬ್ಬರು “ಶಾಸ್ತ್ರ, ಸಂಶೋಧನೆ, ಶಿಷ್ಯ” ಅಂತ ಓದಲಿ, ಇನ್ನೊಬ್ಬರು ಕೊನೇ ಸಾಲಿನಲ್ಲಿ ಕೂತು ಕೇಳಿಸಿಕೊಂಡದ್ದನ್ನು ಬರೆದುಕೊಳ್ಳಲಿ.

ಬಾವುಟ, ಶಾಲು, ಪೇಟ ಎಲ್ಲ ಇರಲಿ. ಆದರೆ ಕನ್ನಡ ಮಾತಾಡಲು ಕರೆಸಿದವರ ಕನ್ನಡ ಕೇಳಿಸದಿದ್ದರೆ ಅದೆಂಥ ಸನ್ಮಾನ? ಈ ಸಲ ಅದೇ ಮೇಷ್ಟ್ರನ್ನು ಮತ್ತೆ ಕರೆಯೋಣ. ಅವರು “ಕೇಳಿಸ್ತಾ ಇದೆಯೇನ್ರಪ್ಪಾ?” ಅಂದಾಗ ನಾವು ಹೇಳುವ “ಕೇಳಿಸ್ತಿದೆ ಸಾರ್” ನಿಜವಾಗಿರಲಿ.