ಓದುನಾಟಕ ಎಂಬ ನೆಪ

ಬಿಎಂಶ್ರೀ ಅವರ ‘ಗದಾಯುದ್ಧ ನಾಟಕಂ’, ಕುವೆಂಪು ಅವರ ‘ಶೂದ್ರ ತಪಸ್ವಿ’, ಪುತಿನ ಅವರ ‘ಅಹಲ್ಯೆ’ – ಇವನ್ನೆಲ್ಲ ನಮ್ಮ ತರಗತಿಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ: ಇವು ಓದುನಾಟಕಗಳು, ಪದ್ಯದ ಮಾತು ಇಂದಿನ ಪ್ರೇಕ್ಷಕರ ಕಿವಿಗೆ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಪಡೆದ ನಾನೂ ಅದನ್ನು ಬಹುಕಾಲ ನಂಬಿದ್ದೆ.

ಆ ನಂಬಿಕೆ ಮುರಿದದ್ದು ಕುಂಬಾರಕೊಪ್ಪಲಿನಲ್ಲಿ. ಸಂಜೆಯಾದರೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ‘ಕುರುಕ್ಷೇತ್ರ’ ಕಲಿಸುತ್ತಾರೆ. ದುರ್ಯೋಧನ ಹಗಲು ಆಟೊ ಓಡಿಸುವವರು. ಕೃಷ್ಣ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು. ಪಾತ್ರಕ್ಕೆ ಇಷ್ಟೆಂದು ತಾವೇ ದುಡ್ಡು ಹಾಕಿ, ಕಂದಪದ್ಯದ ಉಸಿರು ಎಲ್ಲಿ ನಿಲ್ಲಬೇಕೆಂದು ತಿಂಗಳುಗಟ್ಟಲೆ ತಿದ್ದಿಸಿಕೊಳ್ಳುತ್ತಾರೆ. ಆಟದ ರಾತ್ರಿ ಜನ ‘ಒನ್ಸ್ ಮೋರ್’ ಕೂಗುವುದು ಪದ್ಯಕ್ಕೇ. ಹಾಗಾದರೆ ಕಿವಿ ಸತ್ತದ್ದು ಯಾರದ್ದು?

ಹಾಡುವ ಕಂದ ಬೇರೆ, ಆಡುವ ಸರಳರಗಳೆ ಬೇರೆ ಎನ್ನಬಹುದು. ನಿಜ. ಐದು ಮಾತ್ರೆಯ ನಾಲ್ಕು ಗಣಗಳ ಆ ಸಾಲಿಗೆ ಪ್ರಾಸದ ಆಸರೆಯಿಲ್ಲ, ರಾಗದ ಆಸರೆಯೂ ಇಲ್ಲ. ಅರ್ಥ ಸಾಲು ದಾಟಿ ಹರಿಯುತ್ತದೆ, ನಟ ತನ್ನ ಉಸಿರನ್ನು ಅದಕ್ಕೆ ಹೊಂದಿಸಬೇಕು. ಅದು ಕಲಿಯಬೇಕಾದ ವಿದ್ಯೆ. ನಾವು ಕಲಿಸದೆ ಬಿಟ್ಟದ್ದನ್ನು ನಾಟಕದ ದೋಷವೆಂದು ಬರೆಯುವುದು ಅನ್ಯಾಯ. ಪುತಿನರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದೇ ತೋರಿಸಿದರು.

ಆದರೆ ಒಂದು ಪ್ರಯೋಗ ಪರಂಪರೆಯಾಗಬೇಕಾದರೆ ರಂಗದ ಪಕ್ಕದಲ್ಲಿ ಪತ್ರಿಕೆಯೂ ಇರಬೇಕು. ಡಬ್ಲಿನ್ನಿನಲ್ಲಿ ಯೇಟ್ಸ್ ಕಾವ್ಯನಾಟಕಕ್ಕಾಗಿ ಹೋರಾಡಿದ್ದು ರಂಗ, ಪತ್ರಿಕೆ ಎರಡನ್ನೂ ಹಿಡಿದು. ಅಷ್ಟು ದೂರ ಯಾಕೆ, ಅಡಕೆ ತೋಟದ ಊರು ಹೆಗ್ಗೋಡನ್ನೇ ನೋಡಿ: 1949ರ ನೀನಾಸಮ್, 1980ರ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ, ಜೊತೆಗೆ ಅಕ್ಷರ ಪ್ರಕಾಶನ, ‘ಮಾತುಕತೆ’ ಪತ್ರಿಕೆ. ಅಲ್ಲಿ ಆಟ ಮುಗಿದರೂ ಮಾತು ಮುಗಿಯಲಿಲ್ಲ.

ಬಿಎಂಶ್ರೀ, ಕುವೆಂಪು ಪಾಠ ಹೇಳಿದ ಊರು ಮೈಸೂರು. 1989ರಿಂದ ರಂಗಾಯಣವಿದೆ, ಮಾನಸಗಂಗೋತ್ರಿಯಿದೆ. ವರ್ಷಕ್ಕೊಂದು ಪದ್ಯನಾಟಕ, ಅದನ್ನು ಹೇಗೆ ಆಡಿದೆವೆಂದು ದಾಖಲಿಸುವ ಒಂದು ಸಣ್ಣ ಪತ್ರಿಕೆ – ಇಷ್ಟು ನಮ್ಮಿಂದ ಆಗದೆ? ನಾವು ಸಂಶೋಧಕರು ಪ್ರಸ್ತಾರ ಹಾಕಿ ಗಣ ಎಣಿಸುತ್ತೇವೆ, ಒಂದು ಸಾಲನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಮೊದಲು ಆ ಲಜ್ಜೆ ಬಿಡೋಣ. ಪತ್ರಿಕೆಯ ಮೊದಲ ಸಂಚಿಕೆಗೆ ಪ್ರೊಫೆಸರರ ಮುನ್ನುಡಿ ಬೇಡ; ಕೊಪ್ಪಲಿನ ಡ್ರಾಮಾ ಮೇಷ್ಟ್ರ ಸಂದರ್ಶನ ಇರಲಿ.